ಗೋಡೆಗೆ ಬೆನ್ನು ಕೊಟ್ಟು

ಕೆಇಬಿಯಲ್ಲಿ 31 ವರ್ಷ ನಾನು ಮಾಡಿದ ಕೆಲಸ ಒಂದೇ, ಊರವರ ಮೀಟರ್ ಓದುವುದು. ತೀರ್ಥಹಳ್ಳಿ ಸೀಮೆಯಲ್ಲಿ ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ, ಯಾವ ಮನೆಯಲ್ಲಿ ಮಜ್ಜಿಗೆ ಸಿಗುತ್ತದೆ, ಯಾವ ಮನೆಯ ಹಿತ್ತಲಿಗೆ ಮೀಟರಿನ ಹಂಗಿಲ್ಲದ ಇನ್ನೊಂದು ವೈರು ಹೋಗಿದೆ, ಎಲ್ಲ ನನಗೆ ಬಾಯಿಪಾಠ. ಹಾಗಾಗಿ 2022ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ಮಗಳ ಮನೆಗೆ ಹೋದಾಗ ನನ್ನವಳು ಮೊಮ್ಮಗನನ್ನು ಎತ್ತಿಕೊಂಡಳು, ನಾನು ಮೀಟರ್ ಹುಡುಕಿದೆ.

ಮೀಟರು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿತ್ತು. ಅದರ ವಕ್ತಾರನಂತೆ ಒಂದು ಪುಟ್ಟ ಪೆಟ್ಟಿಗೆ ಅಡುಗೆಮನೆಯಲ್ಲಿ, ಕುಕ್ಕರಿನ ಪಕ್ಕ, ಮನೆದೇವರ ಪಟದ ಹಾಗೆ ಕೂತಿತ್ತು. ಈ ಹೊತ್ತಿನವರೆಗೆ ಎಷ್ಟು ದುಡ್ಡು ಉರಿಯಿತು ಅಂತ ಪೌಂಡು-ಪೆನ್ನಿಯಲ್ಲಿ ತೋರಿಸುತ್ತದೆ. ಮನೆ ತಣ್ಣಗಿದ್ದರೆ ಹಸಿರು ದೀಪ, ಮನುಷ್ಯರು ಬದುಕಲು ಶುರುಮಾಡಿದರೆ ಹಳದಿ, ಸ್ನಾನಕ್ಕೆ ಹೋದರೆ ಕೆಂಪು. ಓದಲು ಯಾರೂ ಬರುವುದಿಲ್ಲ. ಮೀಟರು ತನ್ನನ್ನು ತಾನೇ ಓದಿಕೊಂಡು ಕಂಪನಿಗೆ ವರದಿ ಒಪ್ಪಿಸುತ್ತದೆ. ನಾಯಿ ಕಚ್ಚಿಸಿಕೊಂಡು ಮಾಡಿದ ನನ್ನ ಇಡೀ ನೌಕರಿಯನ್ನು ಅಂಗೈಯಗಲದ ಪೆಟ್ಟಿಗೆಯೊಂದು ನುಂಗಿ ನೀರು ಕುಡಿದಿತ್ತು. ನಿದ್ದೆ ಬಾರದೆ ಮಧ್ಯರಾತ್ರಿ ಕೆಳಗಿಳಿದು ನೋಡಿದೆ. ಹನ್ನೆರಡು ಹೊಡೆದ ಕೂಡಲೇ, ಒಂದು ದೀಪವೂ ಹಚ್ಚದಿದ್ದರೂ, ಲೆಕ್ಕಕ್ಕೆ ಒಂದಿಷ್ಟು ಪೆನ್ನಿ ಏರಿತು. ನಿಗದಿತ ಶುಲ್ಕ! ಪರದೇಶದಲ್ಲಿ ಹಳೇ ಗೆಳೆಯ ಸಿಕ್ಕಷ್ಟು ಸಂತೋಷವಾಯಿತು.

ನಾವು ಹೋದ ವರ್ಷವೇ ಸರಿ ಇರಲಿಲ್ಲ. ಉಕ್ರೇನಿನಲ್ಲಿ ಯುದ್ಧ ಶುರುವಾಗಿ ಗ್ಯಾಸು ತುಟ್ಟಿಯಾಗಿತ್ತು. ಸಾಧಾರಣ ಮನೆಯ ವರ್ಷದ ಬಿಲ್ಲು 2,500 ಪೌಂಡಿನ ಆಸುಪಾಸಿನಲ್ಲಿ ನಿಲ್ಲುವಂತೆ ಸರ್ಕಾರ ದರಕ್ಕೆ ತಡೆ ಹಾಕಿತ್ತು, ಮೇಲಿಂದ ಮನೆಗೆ 400 ಪೌಂಡನ್ನು ಆರು ಕಂತಿನಲ್ಲಿ ಕೊಡುತ್ತಿತ್ತು. ಆದರೂ ಕರೆಂಟು ಯೂನಿಟ್ಟಿಗೆ ಸುಮಾರು 34 ಪೆನ್ನಿ, ಗ್ಯಾಸು ಸುಮಾರು 10. ಎರಡು ಕಿಲೋವ್ಯಾಟಿನ ರೂಮ್ ಹೀಟರ್ ಮುಂದೆ ಒಂದು ಗಂಟೆ ಕಾಲು ಚಾಚಿ ಕೂತರೆ 68 ಪೆನ್ನಿ, ಅಂದರೆ ನಮ್ಮ ಅರುವತ್ತು ರೂಪಾಯಿಗೂ ಮೇಲೆ. ಆ ದುಡ್ಡಿಗೆ ಊರಿನ ಹೋಟೆಲಿನಲ್ಲಿ ಮಸಾಲೆದೋಸೆ ತಿಂದು ಹೊಟ್ಟೆಯೊಳಗಿಂದಲೇ ಬೆಚ್ಚಗಾಗಬಹುದು.

ಹಾಗೆ ಕಾಲು ಚಾಚಿ ಕೂರುವವನು ನನ್ನ ಅಳಿಯ. ರಾಯಚೂರಿನವನು. ಹುಟ್ಟಿದಾಗಿನಿಂದ ಅವನಿಗೆ ಗೊತ್ತಿದ್ದ ಕಾಲಗಳು ಎರಡು, ಬೇಸಿಗೆ ಮತ್ತು ಕಡು ಬೇಸಿಗೆ. ಗೋಡೆಯ ಥರ್ಮೋಸ್ಟಾಟನ್ನು ಮಗಳು 18ಕ್ಕೆ ಇಟ್ಟು ಹೋದರೆ ಅವನು "ಭಾಳ ಥಂಡಿ ಅದ್ರಿ ಮಾವ" ಅನ್ನುತ್ತ 23ಕ್ಕೆ ತಿರುಗಿಸುತ್ತಿದ್ದ. ಅವಳು ಬಂದು ಇಳಿಸುತ್ತಿದ್ದಳು. ಇಬ್ಬರೂ ಬಾಯಿಬಿಟ್ಟು ಜಗಳ ಆಡಿದ್ದನ್ನು ನಾನು ನೋಡಲಿಲ್ಲ. ಸಂಸಾರವೆಲ್ಲ ಆ ಗುಂಡಿಯ ಮೂಲಕವೇ ನಡೆಯುತ್ತಿತ್ತು.

ನಮ್ಮ ಕಡೆ ಚಳಿಗೆ ಡಿಗ್ರಿ ಇರಲಿಲ್ಲ, ಕೊಬ್ಬರಿ ಎಣ್ಣೆ ಇತ್ತು. ಬಾಟಲಿಯಲ್ಲಿ ಎಣ್ಣೆ ಮಬ್ಬಾದರೆ ಚಳಿಗಾಲ ಬಂತು. ಪೂರಾ ಗಟ್ಟಿಯಾದರೆ ಕಂಬಳಿ ಕೆಳಗಿಳಿಸಬೇಕು. 24-25 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆಂಬ ವಿಜ್ಞಾನ ಆಮೇಲೆ ತಿಳಿದದ್ದು. ಎಣ್ಣೆ ಕರಗುವ ಜಾಗ ಇಡೀ ಮನೆಯಲ್ಲಿ ಒಂದೇ, ಬಚ್ಚಲುಮನೆ.

ಹಂಡೆಯಲ್ಲಿ ನೀರು ಕಾಯುವುದು ಒಂದು ನೆಪ ಅಷ್ಟೆ. ಬೆಳಗಿನ ಜಾವ ಅಜ್ಜ ಎದ್ದು, ರಾತ್ರಿ ಬೂದಿ ಮುಚ್ಚಿಟ್ಟ ಕೆಂಡ ಕೆದಕಿ, ಒಂದು ಹಿಡಿ ಅಡಿಕೆ ಸಿಪ್ಪೆ ಹಾಕಿ ಊದುತ್ತಿದ್ದರು. ಒಲೆ ಹೊತ್ತಿದ ಸದ್ದಿಗೆ ಮನೆಯವರೆಲ್ಲ ಕಂಬಳಿ ಸುತ್ತಿಕೊಂಡೇ ಒಬ್ಬೊಬ್ಬರಾಗಿ ಬಂದು ಕೂರುತ್ತಿದ್ದರು. ಅಜ್ಜನಿಗೆ ಮಣೆ, ದೊಡ್ಡವರಿಗೆ ಕಟ್ಟಿಗೆ ತುಂಡು, ನಮಗೆ ನೆಲ, ಬೆಕ್ಕಿಗೆ ಒಲೆಯ ಬಾಯಿ. ನಾಯಿಗೆ ಹೊಸಿಲಿನಾಚೆಯಿಂದ ದರ್ಶನ ಮಾತ್ರ. ಮುಂದಿನ ಅರ್ಧ ಮೈಗೆ ಬೇಸಿಗೆ, ಹಿಂದಿನ ಅರ್ಧಕ್ಕೆ ಮಾಘಮಾಸ. ಆಗಾಗ ದೋಸೆಯ ಹಾಗೆ ಮಗುಚಿಕೊಳ್ಳಬೇಕು. ಬೂದಿಯಲ್ಲಿ ಹುಗಿದ ಗೆಣಸು ಬೇಯುವವರೆಗೆ ಶಾಲೆಯ ನೆನಪಾಗದಂತೆ ನೋಡಿಕೊಳ್ಳಬೇಕು. ಬಿಸಿಯಲ್ಲಿ ಬಹುಪಾಲು ಹೊಗೆಯ ಜೊತೆ ಮಾಡಿಗೆ ಹೋಗುತ್ತಿತ್ತು, ನಿಜ. ಆದರೆ ಹೊಗೆಯನ್ನೂ ಅಜ್ಜ ಸುಮ್ಮನೆ ಬಿಟ್ಟವರಲ್ಲ. ಮೇಲಿನ ಅಟ್ಟದಲ್ಲಿ ಕಟ್ಟಿಗೆ ಒಣಗಿಸಿಕೊಳ್ಳುತ್ತಿದ್ದರು, ಮಳೆಗಾಲದಲ್ಲಿ ನಮ್ಮ ಚಡ್ಡಿಗಳನ್ನೂ. ಇಡೀ ಜೂನ್-ಜುಲೈ ನಮ್ಮ ತರಗತಿ ಹೊಗೆಯಾಡಿಸಿದ ಮೀನಿನಂತೆ ನಾರುತ್ತಿತ್ತು.

ಇದನ್ನು ನೆನೆದದ್ದು ಮಗಳ ಮನೆಯ ಬಾಯ್ಲರ್ ನೋಡಿ. ಅದೂ ಹೊಗೆಯ ಹತ್ತಿರ ಲೆಕ್ಕ ಕೇಳುವ ಜಾತಿಯದೇ. ಗ್ಯಾಸು ಉರಿದಾಗ ಹುಟ್ಟುವ ಆವಿಯನ್ನು ಹಾಗೇ ಹೊರಗೆ ಬಿಡುವುದಿಲ್ಲ. ರೇಡಿಯೇಟರುಗಳನ್ನು ಸುತ್ತಿ ತಣಿದು ಬಂದ ನೀರಿನ ಮೇಲೆ ಹಾಯಿಸಿ, ಆವಿಯನ್ನು ಹನಿಯಾಗಿಸಿ, ಅದರಲ್ಲಿದ್ದ ಬಿಸಿಯನ್ನೂ ಕಿತ್ತುಕೊಂಡು ಕಳಿಸುತ್ತದೆ. ಆದರೆ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಈ ವ್ಯವಹಾರ ಕುದುರುತ್ತದೆ. ಬಹಳ ಮನೆಗಳಲ್ಲಿ ಬಾಯ್ಲರನ್ನು 70-80ಕ್ಕೆ ಇಟ್ಟು ಮರೆತಿರುತ್ತಾರೆ. 60ಕ್ಕೆ ಇಳಿಸಿ ಅಂತ ಆ ವರ್ಷ ಪತ್ರಿಕೆಗಳಲ್ಲೆಲ್ಲ ಉಪದೇಶ. ನಾನು ಇಳಿಸಿದೆ. ರೇಡಿಯೇಟರು ಮುಟ್ಟಿದರೆ ಮೊದಲಿನ ಹಾಗೆ ಚುರ್ ಅನ್ನದೆ ಸಣ್ಣ ಜ್ವರ ಬಂದವರ ಹಣೆಯಂತಾಯಿತು. ಅಳಿಯ ಎರಡು ದಿನ ನನ್ನ ಜೊತೆ ಕ್ರಿಕೆಟ್ ಮಾತಾಡಲಿಲ್ಲ.

ಮನೆ ವಿಕ್ಟೋರಿಯಾ ರಾಣಿಯ ಕಾಲದ್ದು. ಉದ್ದಕ್ಕೂ ಒಂದಕ್ಕೊಂದು ಅಂಟಿಕೊಂಡ ಸಾಲುಮನೆ. ಎಡಕ್ಕೆ ಬಾಡಿಗೆಯ ವಿದ್ಯಾರ್ಥಿಗಳು, ಬಲಕ್ಕೆ ಎಂಬತ್ತು ದಾಟಿದ ಒಬ್ಬ ಅಜ್ಜಿ. ಆಮೇಲಿನ ಕಾಲದ ಮನೆಗಳಿಗೆ ಎರಡು ಪದರದ ಗೋಡೆ ಇರುತ್ತದೆ, ನಡುವಿನ ಪೊಳ್ಳಿಗೆ ಬಿಸಿ ತಡೆಯುವ ಸಾಮಾನು ತುಂಬುತ್ತಾರೆ. ನಮ್ಮದು ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆ, ಏನೂ ತುಂಬುವ ಹಾಗಿಲ್ಲ. ಅಟ್ಟದ ಮೇಲೆ ಮಾತ್ರ ಸರ್ಕಾರಿ ಅಳತೆಯಂತೆ 270 ಮಿಲಿಮೀಟರ್ ದಪ್ಪದ ಹಾಸು ಹಾಸಿದ್ದರು. ಟೋಪಿ ಉಣ್ಣೆಯದು, ಅಂಗಿ ಮಲ್ಲಿನದು.

ಗಾಳಿ ನುಗ್ಗುವ ಜಾಗ ಹಿಡಿಯಲು ಊದುಬತ್ತಿಗಿಂತ ಒಳ್ಳೆಯ ಉಪಕರಣವಿಲ್ಲ. ಕಿಟಕಿ ಬಾಗಿಲುಗಳ ಅಂಚಿನಲ್ಲಿ ಮೆಲ್ಲಗೆ ಆಡಿಸಿದರೆ ಹೊಗೆ ಎಲ್ಲಿ ಬಳುಕುತ್ತದೋ ಅಲ್ಲಿ ಸಂದಿ. ನಾನು ಬೆಳಿಗ್ಗೆ ಎದ್ದವನೇ ಊದುಬತ್ತಿ ಹಿಡಿದು ಮನೆಯಿಡೀ ಸುತ್ತುವುದನ್ನು ಕಂಡು ನನ್ನವಳು ಬೆರಗಾದಳು.

"ಈ ವಯಸ್ಸಿನಲ್ಲಾದರೂ ಭಕ್ತಿ ಬಂತಲ್ಲ! ಆದರೆ ಕಾಗದದ ಡಬ್ಬಕ್ಕೆಲ್ಲ ಯಾಕೆ ಆರತಿ?"

ಮುಂಬಾಗಿಲಲ್ಲಿ ಟಪಾಲು ಹಾಕುವ ಬಾಯಿಗೆ ಆರತಿ ಎತ್ತಿದ್ದೆ. ಅದರೊಳಗೆ ಕಾಗದಕ್ಕಿಂತ ಗಾಳಿಯೇ ಹೆಚ್ಚು ಬಟವಾಡೆಯಾಗುತ್ತಿತ್ತು. ವಿಮಾನ ನಿಲ್ದಾಣದಲ್ಲಿ ಅಳಿಯ ನೋಡಿ ನಕ್ಕಿದ್ದ ನನ್ನ ಕರಿಕಂಬಳಿ ಆ ಬಾಗಿಲಿಗೆ ಪರದೆಯಾಯಿತು. ನನ್ನವಳು ಹಳೇ ಸೀರೆಯನ್ನು ಕೊಳವೆಯಂತೆ ಹೊಲಿದು, ಚಿಂದಿ ತುಂಬಿ, ಬಾಗಿಲಡಿಯ ಸಂದಿಗೆ ಅಡ್ಡ ಮಲಗಿಸಿದಳು. ಇಲ್ಲಿಯವರು ಇದನ್ನೇ ಉದ್ದನೆಯ ನಾಯಿಯ ಆಕಾರದಲ್ಲಿ ಮಾಡಿ ಅಂಗಡಿಯಲ್ಲಿ ಮಾರುತ್ತಾರೆ. ಮೊಮ್ಮಗ ನಮ್ಮದಕ್ಕೆ ಹೆಬ್ಬಾವು ಅಂತ ಹೆಸರಿಟ್ಟ. ಹೊರಗೋಡೆಯ ರೇಡಿಯೇಟರುಗಳ ಹಿಂದೆ, ಚಪಾತಿ ಸುತ್ತುವ ಬೆಳ್ಳಿ ಕಾಗದ ಅಂಟಿಸಿದೆ. ಒಂದು ರೇಡಿಯೇಟರಿಗೆ ಕೆಳಗೆ ಬಿಸಿ, ಮೇಲೆ ತಣ್ಣಗೆ. ಹೊಟ್ಟೆಯಲ್ಲಿ ವಾಯು. ಸಣ್ಣ ಕೀಲಿಯಿಂದ ಮೂಲೆಯ ತಿರುಪು ಸಡಿಲಿಸಿದರೆ ಬಹಳ ಹೊತ್ತು ಸುಯ್ಯೆಂದು ನಿಟ್ಟುಸಿರು ಬಿಟ್ಟು, ಕೊನೆಗೆ ಎರಡು ಹನಿ ಕಪ್ಪು ನೀರು ಉಗುಳಿ ಹಗುರಾಯಿತು. ನನಗೂ ಅಂಥ ಒಂದು ತಿರುಪು ಇದ್ದಿದ್ದರೆ ಅಂದುಕೊಂಡೆ.

ಇಷ್ಟೆಲ್ಲ ಕಟ್ಟಿ ಕೂಡಿಟ್ಟ ಬಿಸಿ ಒಂದು ಒಗ್ಗರಣೆಗೆ ಹೋಗುತ್ತಿತ್ತು. ಸಾಸಿವೆ ಸಿಡಿದರೆ ಹೊಗೆಯ ಅಲಾರಂ ಬೀದಿಗೆ ಕೇಳುವಂತೆ ಕಿರುಚುತ್ತದೆ. ಹಾಗಾಗಿ ಒಗ್ಗರಣೆಗೆ ಮುಂಚೆ ಎರಡೂ ಕಿಟಕಿ ತೆರೆಯಬೇಕು. ಒಣಮೆಣಸು ಹಾಕಿದರೆ ಹಿತ್ತಿಲ ಬಾಗಿಲನ್ನೂ. ಬಟ್ಟೆ ಒಳಗೆ ಒಣಹಾಕಿದ ದಿನವೂ ಅಷ್ಟೆ, ಕಿಟಕಿ ತೆಗೆಯದಿದ್ದರೆ ನೀರಿನ ಪಸೆ ಮೂಲೆ ಹಿಡಿದು ಕಪ್ಪು ಬೂಷ್ಟು. ಒಂದು ಸಾರಿನ ಒಗ್ಗರಣೆಗೆ ಎಷ್ಟು ಪೆನ್ನಿ ಬೀಳುತ್ತದೆಂದು ನಾನು ಲೆಕ್ಕ ಹಾಕಿ ತೋರಿಸಿದೆ. ಮಾರನೇ ದಿನ ನನ್ನವಳು ನನ್ನ ತಟ್ಟೆಗೆ ಮಾತ್ರ ಒಗ್ಗರಣೆಯಿಲ್ಲದ ಸಾರು ಬಡಿಸಿದಳು. ಆ ಲೆಕ್ಕದ ಪುಸ್ತಕವನ್ನು ಅಲ್ಲಿಗೆ ಮುಚ್ಚಿದೆ.

ಸುಮ್ಮನೆ ಕೂತ ಮನುಷ್ಯ ಸುಮಾರು 100 ವ್ಯಾಟ್ ಬಿಸಿ ಬಿಡುತ್ತಾನೆ, ಅದೂ ಪುಕ್ಕಟೆ. ರಾಜ್ಯೋತ್ಸವದ ನೆಪದಲ್ಲಿ ನವೆಂಬರಿನ ಒಂದು ಶನಿವಾರ ಮಗಳು 16 ಜನರನ್ನು ಊಟಕ್ಕೆ ಕರೆದಾಗ ನಾನು ಮನಸ್ಸಿನಲ್ಲೇ 1,600 ವ್ಯಾಟ್ ಅಂತ ಬರೆದುಕೊಂಡೆ. ಬಿಸಿಬೇಳೆಭಾತು, ರಾಜಕೀಯ, ಅಂತ್ಯಾಕ್ಷರಿ ಸೇರಿ ಮನೆ ಬಾಣಲೆಯಾಯಿತು. ಸಂಜೆಯಿಡೀ ಬಾಯ್ಲರ್ ಒಂದು ಸಲವೂ ಹೊತ್ತಲಿಲ್ಲ. ರಾಯಚೂರಿನ ಅಳಿಯ ಸ್ವೆಟರ್ ಬಿಚ್ಚಿದ್ದನ್ನು ಅಂದು ಮೊದಲ ಸಲ ಕಂಡೆ. ಒಂಬತ್ತಕ್ಕೆ ಎಲ್ಲರೂ ಹೊರಡುತ್ತೇವೆ ಅಂತ ಎದ್ದರು. ಎದ್ದು, ಕಂಬಳಿ ಸರಿಸಿ, ಬಾಗಿಲು ತೆರೆದು, ಹೊಸಿಲ ಮೇಲೆ ನಿಂತು ನಿಜವಾದ ಮಾತು ಶುರುಮಾಡಿದರು. ಹೊರಗೆ ನಾಲ್ಕು ಡಿಗ್ರಿ. ಮುಕ್ಕಾಲು ಗಂಟೆ ಬಾಗಿಲು ತೆರೆದೇ ಇತ್ತು. ನಾನು ಹೆಬ್ಬಾವನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದೆ.

ಡಿಸೆಂಬರಿನಲ್ಲಿ ಚಳಿ ಸೊನ್ನೆಗಿಂತ ಕೆಳಗಿಳಿಯಿತು. ಮೂರೂಮುಕ್ಕಾಲಿಗೇ ಸೂರ್ಯ ಅಂಗಡಿ ಮುಚ್ಚುತ್ತಿದ್ದ. ಆ ದಿನಗಳಲ್ಲೇ ಒಂದು ಬೆಳಿಗ್ಗೆ ನೋಡುತ್ತೇನೆ, ನಡುಮನೆಯ ಬಲಗೋಡೆಯ ಶೆಲ್ಫಿನಲ್ಲಿಟ್ಟಿದ್ದ ಕೊಬ್ಬರಿ ಎಣ್ಣೆ ಕರಗಿದೆ! ಊರು ಬಿಟ್ಟಾಗಿನಿಂದ ಹೆಪ್ಪುಗಟ್ಟಿಯೇ ಇದ್ದ ಎಣ್ಣೆ. ಗೋಡೆ ಮುಟ್ಟಿದೆ, ಬಿಸಿ. ಆ ಗೋಡೆಯಾಚೆ ಅಜ್ಜಿಯ ಮನೆ. ವಿಷಯ ತಿಳಿಯಿತು. ಅಜ್ಜಿ ಧಾರಾಳವಾಗಿ ಹೀಟಿಂಗ್ ಉರಿಸುತ್ತಾರೆ, ಬಿಸಿ ಇತ್ತ ಸೋರುತ್ತಿದೆ.

ಆವತ್ತೇ ನನ್ನ ಕುರ್ಚಿಯನ್ನು ಆ ಗೋಡೆಗೆ ಒತ್ತರಿಸಿದೆ. ಬೆನ್ನು ಕೊಟ್ಟು ಕೂತರೆ ಬಚ್ಚಲೊಲೆ ನೆನಪಾಗುವಂಥ ಸುಖ. ಥರ್ಮೋಸ್ಟಾಟನ್ನು ಒಂದು ಡಿಗ್ರಿ ಇಳಿಸಿ ಅಂತ ಮಗಳಿಗೆ ಹೇಳುವಷ್ಟು ಧೈರ್ಯ ಬಂತು. ಆದರೆ ಮನಸ್ಸು ಚುಚ್ಚುತ್ತಿತ್ತು. 31 ವರ್ಷ ಕರೆಂಟು ಕಳ್ಳರನ್ನು ಹಿಡಿದವನು ನಾನು. ಈಗ ಒಂಟಿ ಮುದುಕಿಯ ಗ್ಯಾಸಿಗೆ ಕನ್ನ ಹಾಕಿ, ಕಾಲಮೇಲೆ ಕಾಲು ಹಾಕಿ ಕೂತಿದ್ದೇನೆ. ಇನ್ನೊಂದು ಸೋಜಿಗವನ್ನೂ ಗಮನಿಸಿದೆ. ನಮ್ಮ ಬಾಯ್ಲರ್ ಹೊತ್ತಿದ ಹೊತ್ತಿಗೇ ಆ ಗೋಡೆಯೂ ಬಿಸಿಯಾಗುತ್ತಿತ್ತು. ಶಿಸ್ತಿನ ಜನ, ಎಲ್ಲರೂ ಒಂದೇ ಹೊತ್ತಿಗೆ ಏಳುತ್ತಾರೆ ಅಂದುಕೊಂಡೆ. ಕ್ರಿಸ್‌ಮಸ್ಸಿಗೆ ಅಜ್ಜಿ ಮಗನ ಮನೆಗೆಂದು ಒಂದು ವಾರ ಬೀಗ ಹಾಕಿ ಹೋದರು. ಆಗಲೂ ಗೋಡೆ ಬಿಸಿ. ಕೇಳಿದ್ದಕ್ಕೆ ಅಳಿಯ, "ಇಲ್ಲಿ ಪೈಪ್ ಒಡೀಬಾರ್ದಂತ ಖಾಲಿ ಮನಿಗೂ ಸಣ್ಣಗ ಹಚ್ಚಿ ಹೋಗ್ತಾರ್ರಿ ಮಾವ" ಅಂದ. ಶ್ರೀಮಂತ ದೇಶ ಅಂತ ಬೆನ್ನನ್ನು ಇನ್ನಷ್ಟು ಒತ್ತಿದೆ.

ಜನವರಿಯಲ್ಲಿ ಅಜ್ಜಿ ನಮ್ಮಿಬ್ಬರನ್ನೂ ಚಹಾಕ್ಕೆ ಕರೆದರು. ಒಳಗೆ ಕಾಲಿಟ್ಟರೆ ಕೊರೆಯುವ ಚಳಿ. ಅಜ್ಜಿ ಎರಡು ಸ್ವೆಟರ್ ಹಾಕಿಕೊಂಡಿದ್ದರು. "ಈ ಕಡೆ ಬನ್ನಿ, ಇಲ್ಲಿ ಬೆಚ್ಚಗಿದೆ" ಅಂತ ಒಂದು ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ಅವರ ಆರಾಮ ಕುರ್ಚಿ. ಮನಸ್ಸಿನಲ್ಲೇ ಅಳೆದೆ. ಆಚೆಗೆ ಸರಿಯಾಗಿ ನನ್ನ ಕುರ್ಚಿ ಇರಬೇಕು. ಪಕ್ಕದ ಹಲಗೆಯ ಮೇಲೆ, ನನ್ನ ಕೊಬ್ಬರಿ ಎಣ್ಣೆಯ ಜಾಗಕ್ಕೆ ನೆಟ್ಟಗೆ, ಬಟ್ಟೆ ಮುಚ್ಚಿದ ಬೋಗುಣಿಯಲ್ಲಿ ಬ್ರೆಡ್ಡಿನ ಹಿಟ್ಟು ಉಬ್ಬುತ್ತಿತ್ತು.

ಅಜ್ಜಿ ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು. ನಮ್ಮ ಮನೆಯ ಹಿಂದಿನ ಯಜಮಾನ ಹೊಸ ಬಾಯ್ಲರ್ ಹಾಕಿಸಿದಾಗ ಬಿಸಿನೀರಿನ ಪೈಪುಗಳನ್ನೆಲ್ಲ ಈ ಗೋಡೆಯೊಳಗೇ ಹಾಯಿಸಿ ಗಿಲಾವು ಮಾಡಿಬಿಟ್ಟನಂತೆ, ಮೇಲೆ ಒಂದು ಸುತ್ತು ಬಟ್ಟೆಯೂ ಸುತ್ತದೆ. ಅಂದಿನಿಂದ ಈ ಕೋಣೆಯ ರೇಡಿಯೇಟರನ್ನು ಅಜ್ಜಿ ಹೆಚ್ಚುಕಡಿಮೆ ಹಚ್ಚಿಯೇ ಇಲ್ಲ. ಅದರಲ್ಲೂ ಈ ಚಳಿಗಾಲ, ನಾವು ಬಂದಮೇಲೆ, ಹಗಲಿಡೀ ಬಿಸಿ ಇರುತ್ತದೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಅಂತ ನನ್ನವಳ ಕೈಹಿಡಿದು ಹೇಳಿದರು. ಹೊರಡುವಾಗ ಆಗಷ್ಟೇ ಬೇಯಿಸಿದ ಒಂದು ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

ಮನೆಗೆ ಬಂದು ನನ್ನವಳು ಬ್ರೆಡ್ಡು ಕೊಯ್ದಳು. ಹೂವಿನಂತೆ ಅರಳಿತ್ತು.

"ಎಷ್ಟು ಚೆನ್ನಾಗಿ ಉಬ್ಬಿದೆ ನೋಡಿ. ಎಲ್ಲಾ ಅವರ ಕೈಗುಣ."

ಕುಕ್ಕರಿನ ಪಕ್ಕದಲ್ಲಿ ಪೆಟ್ಟಿಗೆಯ ದೀಪ ಕೆಂಪಗೆ ಉರಿಯುತ್ತಿತ್ತು.

"ಹೌದು, ಕೈಗುಣ" ಅಂದೆ.