ಉಪ್ಪುಗಾಳಿಯ ಊರಿಗೊಂದು ಜನರೇಟರ್ ಕೈಪಿಡಿ

ಪೆಟ್ರೋಲ್ ಜನರೇಟರಿನ ಪೆಟ್ಟಿಗೆಯಲ್ಲಿ ಒಂದು ಪುಸ್ತಕ ಬಂದಿರುತ್ತದೆ. ಅದರಲ್ಲಿ ಇನ್ನೂ ಮೀನು ಕಟ್ಟಿಲ್ಲವಾದರೆ ತೆಗೆದು ಓದಿ. ಮೊದಲ 20 ಗಂಟೆ ಓಡಿದ ಮೇಲೆ ಆಯಿಲ್ ಬದಲಿಸಿ, ಆಮೇಲೆ 100 ಗಂಟೆಗೋ ಆರು ತಿಂಗಳಿಗೋ ಒಮ್ಮೆ ಎಂದಿರುತ್ತದೆ. ಬರೆದವರು ಉಚ್ಚಿಲದ ಗಾಳಿ ಕಂಡವರಲ್ಲ. ಕಡಲಿನ ಕೂಗಳತೆಯಲ್ಲಿ ಯಂತ್ರ ಓಡಿ ಸವೆಯುವುದಕ್ಕಿಂತ ಕೂತು ಕೆಡುವುದೇ ಹೆಚ್ಚು. ಹಾಗಾಗಿ ಗಂಟೆ ಬಿಟ್ಟು ಪಂಚಾಂಗ ಹಿಡಿಯಿರಿ: ದೊಡ್ಡ ಸರ್ವಿಸ್ ಪತ್ತನಾಜೆಗೆ. ಬೇಶ ತಿಂಗಳ ಹತ್ತನೇ ದಿನ, ಮೇ 24ರ ಸುಮಾರಿಗೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲಗಳು ನಿಲ್ಲುತ್ತವೆ. ಊರಿಗೆಲ್ಲ ರಜೆಯಾಗುವ ಹೊತ್ತಿಗೇ ಜನರೇಟರಿನ ತಿರುಗಾಟ ಶುರು.

ಪಕ್ಕದ ಎಲ್ಲೂರಿನಲ್ಲಿ 600 ಮೆಗಾವಾಟಿನ ಎರಡು ಘಟಕಗಳ ಸ್ಥಾವರ ಇರುವಾಗ ನಮಗೆ ಇದೆಲ್ಲ ಯಾಕೆ ಎಂಬ ಪ್ರಶ್ನೆ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಆಯಿಲ್ ಬಿಸಿ ಇದ್ದಾಗ ಬೇಗ ಇಳಿಯುತ್ತದೆ. ಸ್ವಲ್ಪ ಓಡಿಸಿ, ನಿಲ್ಲಿಸಿ, ಬಸಿಯಿರಿ. ಹೊಸತನ್ನು ಸಮತಟ್ಟು ಸಿಮೆಂಟಿನ ಮೇಲಿಟ್ಟು ಅಳೆಯಿರಿ. ಹೊಯ್ಗೆಯ ಮೇಲೆ ಅಳೆದರೆ ಕಡ್ಡಿ ಸುಳ್ಳು ಹೇಳುತ್ತದೆ. ಹಳೆಯ ಆಯಿಲನ್ನು ತೆಂಗಿನ ಬುಡಕ್ಕೆ ಹೊಯ್ಯಬೇಡಿ, ಅದು ಗೊಬ್ಬರವಲ್ಲ.

ಏರ್ ಫಿಲ್ಟರಿನ ಸ್ಪಂಜನ್ನು ಸಾಬೂನು ನೀರಲ್ಲಿ ತೊಳೆದು, ಒಣಗಿಸಿ, ಆಯಿಲಿನಲ್ಲಿ ಅದ್ದಿ, ಕಾಯಿಹಾಲು ಹಿಂಡಿದಂತೆ ಹಿಂಡಿ. ಒಣಗಿಸಿ ಎಂದು ಬರೆಯುವುದು ಸುಲಭ. ಜುಲೈಯಲ್ಲಿ ಅಂಗಿಯೇ ಒಣಗದ ಊರಿದು, ಅದಕ್ಕೇ ಪತ್ತನಾಜೆ ಎಂದದ್ದು.

ಈಗ ಪೆಟ್ರೋಲು. ಅದರಲ್ಲಿ ಬೆರೆಸಿದ ಎಥನಾಲಿಗೆ ತೇವ ಹೀರುವ ಚಾಳಿ, ನಮ್ಮ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ನೀರು ಬೇರೆಯಾಗಿ ಕೆಳಗಿಳಿದು ಕಾರ್ಬುರೇಟರಿನಲ್ಲಿ ಕೂರುತ್ತದೆ. ಆಮೇಲೆ ಹಗ್ಗ ಎಳೆದೆಳೆದು ಭುಜ ನೋಯುತ್ತದೆಯೇ ಹೊರತು ಎಂಜಿನ್ ಕೆಮ್ಮುವುದೂ ಇಲ್ಲ. ಒಳಗಿಡುವ ಮೊದಲು ಟ್ಯಾಂಕ್ ಬರಿದು ಮಾಡಿ, ಕಾಕ್ ಬಂದ್ ಮಾಡಿ, ತಾನಾಗಿ ಆರುವ ತನಕ ಓಡಲು ಬಿಡಿ. ದೋಣಿಯ ಮಿಷನಿಗೆ ತಂದ ಸೀಮೆಎಣ್ಣೆ ಸ್ವಲ್ಪ ಉಂಟು, ಹಾಕುವನಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಿಮ್ಮದು ಸೀಮೆಎಣ್ಣೆಯ ಮಾದರಿಯಲ್ಲದಿದ್ದರೆ ಚಹಾ ಕೊಟ್ಟು ಮಾತು ಬದಲಿಸಿ.

ಪ್ಲಗ್ಗಿನ ಮಸಿ ತಿಕ್ಕಿ, ಸಂದು 0.7ರಿಂದ 0.8 ಮಿಲಿಮೀಟರ್ ಇರಲಿ. ಹಸಿರು ಕಟ್ಟಿದ ತಾಮ್ರವನ್ನು ಉಜ್ಜಿ. ಬಲ್ಬು ಮಂಕೆಂದು ರೇಸ್ ಸ್ಕ್ರೂ ತಿರುಗಿಸುವ ಬುದ್ಧಿವಂತರನ್ನು ದೂರವಿಡಿ. ಸಾಮಾನ್ಯ ಜನರೇಟರ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಮಾತ್ರ 50 ಹರ್ಟ್ಸ್. ಹೆಚ್ಚಿದರೆ ಟಿವಿಗೆ ಕುತ್ತು.

ಎರಡು ವಿಷಯದಲ್ಲಿ ತಮಾಷೆ ಇಲ್ಲ. ಮಳೆ ಬಂತೆಂದು ಯಂತ್ರವನ್ನು ಜಗಲಿಗೋ ಕೋಣೆಗೋ ತಂದು ಓಡಿಸಬೇಡಿ, ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಕಿಟಕಿಯಿಂದ ದೂರ, ನಾಲ್ಕೂ ಕಡೆ ತೆರೆದ ಮಾಡಿನಡಿ ಇರಲಿ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ಪ್ಲಗ್ ಪಾಯಿಂಟಿಗೆ ಕರೆಂಟು ಊಡಲೂಬೇಡಿ. ಅದು ಹಿಂದಕ್ಕೆ ಹರಿದು ಕಂಬದ ಮೇಲಿರುವ ಮೆಸ್ಕಾಂ ಲೈನ್‌ಮ್ಯಾನನ್ನು ಕೊಂದೀತು.

ದಸರಾ ಹೊತ್ತಿಗೆ ಭಾವನೊಬ್ಬ ಒಂದೇ ರಾತ್ರಿಗೆಂದು ಕೇಳಿಕೊಂಡು ಬರುತ್ತಾನೆ. ಆಯಿಲನ್ನು ಅವನೆದುರೇ ಅಳೆದು ಕೊಡಿ, ವಾಪಸು ಬಂದಾಗ ಮತ್ತೆ ಅಳೆಯಿರಿ. ಪೆಟ್ರೋಲಿನ ಲೆಕ್ಕ ಮಾತ್ರ ಎತ್ತಬೇಡಿ. ಅದಕ್ಕೆ ಕಂಪೆನಿಯ ವಾರಂಟಿ ಇಲ್ಲ.