ಮುಕ್ತಾಸನ ಮೀಮಾಂಸೆ: ಕೆಂಗೇರಿಯಿಂದ ಆಕಾಶದವರೆಗೆ

ಆಸನವು ಕೂರುವ ವಸ್ತುವೆಂಬುದು ಪಾಮರರ ನಂಬಿಕೆ. ವಿದ್ವತ್ ವಲಯದಲ್ಲಿ ಅದು ದೇಹ, ಅವಕಾಶ ಹಾಗೂ ಅಧಿಕಾರಗಳ ತ್ರಿಮುಖ ಸಂಕಥನದೊಳಗೆ ಸದಾ ಕಟ್ಟಿಕೊಳ್ಳುವ, ಒಡೆದುಕೊಳ್ಳುವ, ಮರಳಿ ಕಟ್ಟಿಕೊಳ್ಳುವ ಒಂದು ಅನನ್ಯ ಪ್ರಮೇಯ. ಈ ಪ್ರಮೇಯವನ್ನು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳೆಂಬ ಪಶ್ಚಿಮ ಬೆಂಗಳೂರಿನ ಸ್ಥಳೀಯ ನೆಲೆಯಲ್ಲಿ ನಿಂತು (ಸೀಟು ಸಿಗದ ಕಾರಣ ನಿಂತೇ) ನಿರ್ವಚಿಸುವುದು ಪ್ರಸ್ತುತ ಮೀಮಾಂಸೆಯ ಉದ್ದೇಶ. ನಂಬರು ಕೊಡದ ಸೀಟನ್ನು ಇಲ್ಲಿ ‘ಮುಕ್ತಾಸನ’ ಎಂದೂ, ಅದರಲ್ಲಿ ಮೊದಲು ಕೂತವರನ್ನು ‘ಆಸೀನರು’ ಎಂದೂ, ಉಳಿದವರನ್ನು ‘ಆಸನೋತ್ತರ ಅಸ್ಮಿತೆ’ ಎಂದೂ ಕರೆಯಲಾಗಿದೆ. ಮೂರನೆಯ ಪದದ ಅರ್ಥ ಕೇಳಬಾರದು. ವಿಚಾರ ಸಂಕಿರಣಗಳಲ್ಲಿ ಯಾರೂ ಕೇಳುವುದಿಲ್ಲ.

ಪೂರ್ವಸೂರಿಗಳ ಸ್ಮರಣೆ ಕಡ್ಡಾಯ. ಅಮೆರಿಕದ ಖಭೌತ ವಿಜ್ಞಾನಿ ಜೇಸನ್ ಸ್ಟೆಫನ್ 2008ರಲ್ಲಿ ನಕ್ಷತ್ರಗಳನ್ನು ತುಸು ಬದಿಗಿಟ್ಟು, ಜನರನ್ನು ವಿಮಾನ ಹತ್ತಿಸುವ ಅತ್ಯುತ್ತಮ ಕ್ರಮ ಯಾವುದೆಂದು ಪ್ರಬಂಧ ಪ್ರಕಟಿಸಿದರು. ಇದು ಅಣಕವಲ್ಲ, ನಿಜ. ಆಮೇಲೆ ಮಾಡಿದ ಪ್ರಯೋಗದಲ್ಲಿ, ಹಿಂದಿನ ಸಾಲುಗಳಿಂದ ಮುಂದಕ್ಕೆ ಗುಂಪು ಗುಂಪಾಗಿ ಕರೆಯುವ ಶಿಸ್ತಿನ ಪದ್ಧತಿಗಿಂತ ಜನರನ್ನು ಹೇಗೆಂದರೆ ಹಾಗೆ ಹತ್ತಲು ಬಿಡುವುದೇ ಬೇಗ ಮುಗಿಯುತ್ತದೆಂದು ಕಂಡುಬಂತು. ಒಂದೇ ಜಾಗದ ಸಾಲುಗಳವರನ್ನು ಒಟ್ಟಿಗೆ ಬಿಟ್ಟರೆ ಎಲ್ಲರೂ ಒಂದೇ ಕಡೆ ನಿಂತು ಮೇಲೆ ಬ್ಯಾಗು ತುರುಕುತ್ತ ಹಿಂದಿನವರಿಗೆ ದಾರಿ ಕಟ್ಟುತ್ತಾರೆ. ಕೆಂಗೇರಿ ಬಸ್ ನಿಲ್ದಾಣ ಈ ತೀರ್ಮಾನಕ್ಕೆ ಪ್ರಯೋಗಾಲಯವಿಲ್ಲದೆಯೇ ಬಂದಿತ್ತು.

ಇನ್ನು ವರ್ಗೀಕರಣ. ಮುಕ್ತಾಸನವನ್ನು ದಕ್ಕಿಸಿಕೊಳ್ಳುವ ಬಗೆಗಳನ್ನು ಅಧಿಕರಣಗಳೆನ್ನಲಾಗಿದೆ. ಮೊದಲನೆಯದು ವಸ್ತ್ರಾಧಿಕರಣ. ಹಬ್ಬದ ಹಿಂದಿನ ಸಂಜೆ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣಕ್ಕೆ ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಹೊರಗಿನಿಂದ ಕಿಟಕಿಯೊಳಗೆ ಟವೆಲ್, ಕರ್ಚೀಫು, ದಿನಪತ್ರಿಕೆ, ಬ್ಯಾಗು, ಕೆಲವೊಮ್ಮೆ ಪುಟ್ಟ ಮಗು ಪ್ರವೇಶಿಸುತ್ತವೆ. ದೇಹ ಇನ್ನೂ ಬಾಗಿಲ ಬಳಿ ಗುದ್ದಾಡುತ್ತಿದ್ದರೂ ಅಸ್ಮಿತೆ ಆಗಲೇ ಕೂತಾಗಿರುತ್ತದೆ. ಟವೆಲ್ ಎತ್ತಿದರೆ ಜಗಳ, ಎತ್ತದಿದ್ದರೆ ಮಂಡ್ಯದವರೆಗೆ ನಿಲ್ಲಬೇಕು. ಟವೆಲನ್ನು ಗೌರವಿಸಬೇಕೆಂದು ಯಾವ ಕಾನೂನೂ ಹೇಳಿಲ್ಲ. ಆದರೂ ಮುಕ್ಕಾಲು ಪಾಲು ಜನ ಗೌರವಿಸುತ್ತಾರೆ. ನಾಗರಿಕತೆಯೆಂದರೆ ಇದೇ ಇರಬೇಕು.

ಈ ಸಂಪ್ರದಾಯವನ್ನು ಒರಟು ಎನ್ನುವವರು ಯಾವುದಾದರೂ ಸರ್ಕಾರಿ ಕಚೇರಿಯ ಒಳಕೋಣೆಗೆ ಹೋಗಿ ಸಾಹೇಬರ ಕುರ್ಚಿಯ ಬೆನ್ನಿಗೆ ಹೊದಿಸಿದ ಬಿಳಿ ಟರ್ಕಿ ಟವೆಲ್ ನೋಡಬೇಕು. ಅದೂ ಸೀಟು ಹಿಡಿದದ್ದೇ, ಮತ್ತು ನಿವೃತ್ತಿಯವರೆಗೆ ಹಿಡಿದದ್ದು.

ಎರಡನೆಯದು ವಾಗಧಿಕರಣ. ಇಲ್ಲಿ ವಸ್ತ್ರವೂ ಬೇಡ. ಖಾಲಿ ಸೀಟಿನ ಪಕ್ಕದಲ್ಲಿರುವವರು ಮುಖ ಎತ್ತದೆ ‘ಬರ್ತಾರೆ’ ಎಂದರೆ ಸಾಕು. ಯಾರು, ಎಲ್ಲಿಂದ, ಎಷ್ಟು ಹೊತ್ತಿಗೆ ಎಂದು ಹೇಳುವ ಹೊಣೆ ಅವರಿಗಿಲ್ಲ. ಬಿಡದಿ ದಾಟಿದರೂ ಬರುವವರು ಬಂದಿರುವುದಿಲ್ಲ. ಮೂರನೆಯದು ನಿದ್ರಾಧಿಕರಣ, ಇದು ಮೆಟ್ರೊದ ಕೊಡುಗೆ. ನೇರಳೆ ಮಾರ್ಗ 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ ಬಂದ ಮೇಲೆ, ಮೊದಲ ನಿಲ್ದಾಣಗಳಲ್ಲಿ ಹತ್ತಿದವರು ರಾಜರಾಜೇಶ್ವರಿ ನಗರ ಬರುವಷ್ಟರಲ್ಲಿ ಗಾಢ ನಿದ್ರೆಗೆ ಜಾರುತ್ತಾರೆ. ವಿಜಯನಗರದಲ್ಲಿ ಮೊಣಕಾಲು ಹಿಡಿದುಕೊಂಡು ಹತ್ತಿದ ಅಜ್ಜಿ ಅವರ ಕನಸಿನಲ್ಲೂ ಕಾಣಿಸುವುದಿಲ್ಲ. ಮೆಜೆಸ್ಟಿಕ್ ಎಂಬ ಘೋಷಣೆ ಬಿದ್ದ ಕ್ಷಣಕ್ಕೆ ಮಾತ್ರ ಕಣ್ಣು ತಾನಾಗಿ ತೆರೆದುಕೊಳ್ಳುತ್ತದೆ. ಬಸವೇಶ್ವರನಗರಕ್ಕೆ ಮೆಟ್ರೊ ನಿಲ್ದಾಣವೇ ಇಲ್ಲದ್ದರಿಂದ ಅಲ್ಲಿನವರ ನಿದ್ರೆಯ ಬಗ್ಗೆ ಆಕರ ಸಾಮಗ್ರಿ ದೊರೆತಿಲ್ಲ.

ನಾಲ್ಕನೆಯ ಅಧಿಕರಣ ಕಲ್ಯಾಣ ಮಂಟಪದ ಊಟದ ಹಾಲಿನದು, ಪಾಯಸದ ಹಂತದಲ್ಲಿರುವವರ ಕುರ್ಚಿಯ ಹಿಂದೆ ಹೋಗಿ ನಿಲ್ಲುವ ಪೃಷ್ಠಾವಲಂಬನ ನ್ಯಾಯ. ಒಟ್ಟು ಹನ್ನೊಂದು ಅಧಿಕರಣ ಬರೆಯುವ ಯೋಜನೆಯಿತ್ತು. ಬಿಡಿ. ವಿಮಾನದ ವಿಷಯಕ್ಕೆ ಬರೋಣ.

ಕೆಂಗೇರಿಗೂ ಆಕಾಶಕ್ಕೂ ಏನು ಸಂಬಂಧ ಎಂಬುದು ಪೂರ್ವಪಕ್ಷ. ಉತ್ತರ ಹೀಗಿದೆ: ಭಾರತದಲ್ಲಿ ಮುಕ್ತಾಸನವನ್ನು ವಿಮಾನಕ್ಕೆ ಹತ್ತಿಸಿದ ಕಂಪನಿಗಳಲ್ಲಿ ಒಂದು ಇದೇ ಊರಿನದು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಸೇನೆಯಲ್ಲಿದ್ದವರು, ಆಮೇಲೆ ಬೇಸಾಯ ಮಾಡಿದವರು. ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನೇ ಅದರ ಲಾಂಛನಪುರುಷ. ಕೆಲವು ಅದೃಷ್ಟವಂತರಿಗೆ 1 ರೂಪಾಯಿಗೆ ಟಿಕೆಟ್ ಸಿಕ್ಕಿತು. ಬಿಟ್ಟಿ ಊಟವಿಲ್ಲ, ಬೋರ್ಡಿಂಗ್ ಪಾಸಿನಲ್ಲಿ ಸೀಟು ನಂಬರೂ ಇಲ್ಲ. ಮೊದಲು ಹೋದವರಿಗೆ ಇಷ್ಟಬಂದ ಜಾಗ.

ಆಗಿನ್ನೂ ಎಚ್‌ಎಎಲ್ ವಿಮಾನ ನಿಲ್ದಾಣದ ಕಾಲ. ಬಸ್ಸಿನಲ್ಲಿ ಪಳಗಿದ ಪ್ರಯಾಣಿಕ ಮುಂದಿನ ಸೀಟಿಗಾಗಿ ಮೆಟ್ಟಿಲತ್ತ ಧಾವಿಸುತ್ತಿದ್ದ. ಆದರೆ ಏರ್ ಡೆಕ್ಕನ್ನಿನ ಎಟಿಆರ್ ವಿಮಾನದಲ್ಲಿ ಪ್ರಯಾಣಿಕರ ಬಾಗಿಲಿರುವುದು ಹಿಂದೆ, ಮುಂಭಾಗದ ಬಾಗಿಲು ಸಾಮಾನಿಗೆ. ಓಡಿಹೋಗಿ ಮೊದಲ ಸಾಲು ಹಿಡಿದವನು ಇಳಿಯುವಾಗ ಕೊನೆಯವನಾಗುತ್ತಿದ್ದ. ನಿಧಾನವಾಗಿ ಬಂದು ಬಾಲದಲ್ಲಿ ಕೂತವನು ಮೊದಲು ಇಳಿದು ಆಟೊ ಹಿಡಿಯುತ್ತಿದ್ದ. ಆಸನ ಮೀಮಾಂಸೆಯಲ್ಲಿ ಇದನ್ನು ‘ಅಗ್ರ-ಪಶ್ಚ ವಿಪರ್ಯಾಸ ಸಿದ್ಧಾಂತ’ ಎನ್ನಬಹುದು. ಎನ್ನದಿದ್ದರೂ ನಡೆಯುತ್ತದೆ.

ಅಲ್ಲಿಯೂ ಕಿಟಕಿ ಪಕ್ಕಕ್ಕೆ ಪೈಪೋಟಿ ನಡೆಯಿತು, ಕರ್ಚೀಫು ಬಿತ್ತು, ‘ಬರ್ತಾರೆ’ ಕೇಳಿಸಿತು. ಜತೆಗೆ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್, ನಮ್ಮ ತಾಯಿ ಮೊದಲ ಸಲ ಬರ್ತಿದಾರೆ’ ಎಂಬ ಮಾತೂ ಕೇಳಿಸಿತು, ಯಾರೋ ಎದ್ದು ಜಾಗ ಬಿಟ್ಟುಕೊಟ್ಟರು. ಇಂಥದ್ದನ್ನೆಲ್ಲ ಯಾವ ಕಂಪನಿಯೂ ದಾಖಲೆಯಲ್ಲಿ ಬರೆದಿಡುವುದಿಲ್ಲ. ದಾಖಲೆಯಾದದ್ದು ಮೂದಲಿಕೆ: ವಿಮಾನವನ್ನು ಸಿಟಿ ಬಸ್ಸು ಮಾಡಿಬಿಟ್ಟರು, ಇವರಿಗೆ ರೀತಿ ರಿವಾಜು ಗೊತ್ತಿಲ್ಲ. ಹೇಳಿದವರು ಮೊದಲಿನಿಂದಲೂ ವಿಮಾನದಲ್ಲಿ ಕೂತಿದ್ದವರು.

ಅಮೆರಿಕದ ಸೌತ್‌ವೆಸ್ಟ್ ಕಂಪನಿ 1971ರಿಂದ ಇದೇ ಪದ್ಧತಿಯಲ್ಲಿ ಹಾರಿಸಿತು. ಅಲ್ಲಿ ಎ, ಬಿ, ಸಿ ಗುಂಪು ಮಾಡಿ ಸಾಲು ನಿಲ್ಲಿಸುತ್ತಿದ್ದರು. ಆದರೂ ಪಕ್ಕದ ಸೀಟಿಗೆ ಕೋಟು ಹಾಕಿ ಗಂಡನಿಗೆ ಜಾಗ ಹಿಡಿಯುವುದು ಸರಿಯೇ ತಪ್ಪೇ ಎಂಬ ಚರ್ಚೆ ದಶಕಗಟ್ಟಲೆ ನಡೆಯಿತು. 2026ರ ಜನವರಿ 27ರಂದು ಆ ಕಂಪನಿಯೂ ಸೀಟಿಗೆ ನಂಬರು ಹಾಕಿತು. ನಮ್ಮ ಏರ್ ಡೆಕ್ಕನ್ 2007ರಲ್ಲಿ ಯುಬಿ ಸಮೂಹದ ಕೈಗೆ ಹೋಗತೊಡಗಿ, ಕಿಂಗ್‌ಫಿಷರ್ ರೆಡ್ ಎಂದು ಹೆಸರು ಬದಲಾಗಿ, 2012ರಲ್ಲಿ ಕಿಂಗ್‌ಫಿಷರ್ ನಿಲ್ಲುವ ಹೊತ್ತಿಗೆ ತಾನೂ ನೆಲ ಹತ್ತಿತ್ತು.

ನಂಬರು ಬಂದ ಮೇಲೆ ಜಗಳ ತೀರಿತೆಂದು ಆಸೀನರು ಭಾವಿಸಿದರು. ತೀರಲಿಲ್ಲ, ಮಾರಾಟಕ್ಕೆ ಬಂತು. ಈಗ ಕಿಟಕಿಗೆ ಒಂದು ದರ, ಕಾಲು ಚಾಚುವ ಜಾಗಕ್ಕೆ ಇನ್ನೊಂದು. ದುಡ್ಡು ಕಟ್ಟದೆ ಚೆಕ್ ಇನ್ ಮಾಡಿದರೆ ಗಂಡ ಮುಂದೆ, ಹೆಂಡತಿ ಹಿಂದೆ, ಮಗು ಅಪರಿಚಿತರ ನಡುವೆ. ಹನ್ನೆರಡು ವರ್ಷದವರೆಗಿನ ಮಕ್ಕಳನ್ನು ಅದೇ ಟಿಕೆಟ್ಟಿನಲ್ಲಿರುವ ಅಪ್ಪನದೋ ಅಮ್ಮನದೋ ಪಕ್ಕದಲ್ಲಿ ಕೂರಿಸಬೇಕೆಂದು 2024ರ ಏಪ್ರಿಲ್‌ನಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಸೂಚಿಸಬೇಕಾಯಿತು. ಮಗುವನ್ನು ತಾಯಿಯ ಪಕ್ಕ ಕೂರಿಸಿ ಎಂದು ಹೇಳುವುದಕ್ಕೆ ಒಂದು ಸರ್ಕಾರಿ ಸೂಚನೆ! ಸ್ಯಾಟಲೈಟ್ ನಿಲ್ದಾಣದಲ್ಲಿ ಮಗುವನ್ನು ಕಿಟಕಿಯಿಂದ ಒಳಗಿಟ್ಟರೆ, ಅದರ ಪಕ್ಕದ ಜಾಗ ತಾಯಿಯದು ಎಂದು ಎಂಥ ಜಗಳಗಂಟನೂ ಒಪ್ಪುತ್ತಾನೆ.

ಇಲ್ಲಿ ಪಾರಿಭಾಷಿಕ ಪದಗಳನ್ನು ಬದಿಗಿಡಬೇಕಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ದುಡ್ಡಿಲ್ಲ ಎಂದಾಯಿತು. ಇಪ್ಪತ್ತು ವರ್ಷದ ಹಿಂದೆ ವಿಮಾನದಲ್ಲಿ ಕೇಳಿದ್ದ ಮೂದಲಿಕೆ ಈ ಸಲ ಬಸ್ಸಿನಲ್ಲಿ ಕೇಳಿಸಿತು: ‘ಫ್ರೀ ಟಿಕೆಟ್ಟು ತಾನೆ, ನಿಂತ್ಕೊಂಡ್ ಹೋಗ್ಲಿ.’ ಹೇಳುವವನು ಹಲವು ಸಲ ‘ಮಹಿಳೆಯರಿಗೆ’ ಎಂದು ಬರೆದ ಸೀಟಿನಲ್ಲೇ ಕೂತಿರುತ್ತಾನೆ. ಎದುರಿಗೆ ನಿಂತಿರುವುದು ಮೈಸೂರು ರಸ್ತೆಯ ಗಾರ್ಮೆಂಟ್ ಕಾರ್ಖಾನೆಯಲ್ಲಿ ಇಡೀ ದಿನ ನಿಂತು ಇಸ್ತ್ರಿ ಮಾಡಿದ, ಚೆಕಿಂಗ್ ಮಾಡಿದ ಹೆಂಗಸು. ಅವಳಿಗೆ ಸೀಟು ಯಾರ ದಾಕ್ಷಿಣ್ಯವೂ ಅಲ್ಲ. ಬಡವರು ಎಲ್ಲಿ ಹೊಸದಾಗಿ ಹತ್ತಿದರೂ ಕೂತವರಿಗೆ ದಿಢೀರನೆ ಶಿಷ್ಟಾಚಾರ ನೆನಪಾಗುತ್ತದೆ. ಅದನ್ನು ಸಂಸ್ಕೃತಿ ಎನ್ನುವುದು ನಾಚಿಕೆಗೇಡು.

ಇಂಥ ಪ್ರಬಂಧ ಮಂಡಿಸುವ ಸಭಾಂಗಣಗಳಲ್ಲೂ ಮುಂದಿನ ಸೋಫಾಗಳ ಮೇಲೆ ‘ಗಣ್ಯರಿಗೆ ಮೀಸಲು’ ಎಂಬ ಚೀಟಿ ಇರುತ್ತದೆ. ಗಣ್ಯರು ಬರುವುದಿಲ್ಲ. ವಿದ್ಯಾರ್ಥಿಗಳು ಗೋಡೆಗೊರಗಿ ನಿಂತು ‘ಅಂಚಿನ ಸಮುದಾಯಗಳ ಅವಕಾಶ’ ಕುರಿತ ಉಪನ್ಯಾಸ ಕೇಳುತ್ತಾರೆ. ವಾಗಧಿಕರಣದ ಲಿಖಿತ ರೂಪ.

ಮಹಾಪ್ರಬಂಧದ ಕೊನೆಗೆ ಶಿಫಾರಸುಗಳಿರಬೇಕು. ಟವೆಲ್ ಹಾಕುವವರು ಹಾಕಲಿ, ಒಂದು ಟವೆಲ್‌ಗೆ ಒಂದೇ ಸೀಟು. ಕಂಡಕ್ಟರ್ ಶಿಳ್ಳೆ ಹೊಡೆಯುವವರೆಗೆ ‘ಬರ್ತಾರೆ’ ನಡೆಯಲಿ, ಆಮೇಲೆ ನಿಂತವರು ಕೂರಲಿ. ಮತ್ತು ಓದುಗರೇ, ಪಕ್ಕದ ಸೀಟಿನಲ್ಲಿ ಇಟ್ಟಿರುವ ನಿಮ್ಮ ಬ್ಯಾಗನ್ನು ದಯವಿಟ್ಟು ತೊಡೆಯ ಮೇಲಿಟ್ಟುಕೊಳ್ಳಿ. ಅದಕ್ಕೆ ಟಿಕೆಟ್ ತೆಗೆಸಿಲ್ಲ.