ರ‍್ಯಾಂಕ್ ಮೀಮಾಂಸೆ: ಶಿಕಾರಿಪುರ–ಸೊರಬ ಸೀಮೆಯ ಆಧಾರದಲ್ಲಿ

ಈ ಸೀಮೆಯಿಂದ ಉನ್ನತ ಶಿಕ್ಷಣಕ್ಕೆಂದು ಪರರಾಜ್ಯಕ್ಕೆ ಹೋದವರಲ್ಲಿ ಶಾಸನಾಧಾರವುಳ್ಳ ಹಿರಿಯ ವಿದ್ಯಾರ್ಥಿ ಮಯೂರಶರ್ಮ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬ ಹೇಳುವಂತೆ, ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಹೋದವನು ಪಲ್ಲವರ ಕುದುರೆ ಸವಾರನೊಡನೆ ಜಗಳ ತೆಗೆದು, ಓದು ಬಿಟ್ಟು, ರಾಜ್ಯ ಕಟ್ಟಿದ. ಕಟಾಫ್ ಎಷ್ಟಿತ್ತೆಂಬ ಬಗ್ಗೆ ಕಂಬ ಮೌನ. ಆಪ್ಷನ್ ಎಂಟ್ರಿ ಮಾಡಿದ್ದಕ್ಕೂ ಪುರಾವೆಯಿಲ್ಲ. ವಿದ್ವಾಂಸರು ಗಮನಿಸಬೇಕು.

ಈಗಿನ ಪ್ರಮಾಣಗಳು ಅಷ್ಟು ಗೂಢವಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ 180 ಅಂಕದ ಸಿಇಟಿಯಿಂದ ಅರ್ಧ, ಪಿಯುಸಿಯ ಪಿಸಿಎಂನಿಂದ ಅರ್ಧ. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲವಾಗಿ, ಪ್ರತಿ ಪತ್ರಿಕೆಯ 80 ನಿಮಿಷ ಮುಗಿಯುತ್ತ ಬಂದಂತೆ ಓಎಂಆರ್ ಹಾಳೆಯಲ್ಲಿ ಉಳಿದ ವೃತ್ತಗಳೆಲ್ಲ ಶಿಕಾರಿಪುರದ ದೇವರು ಹುಚ್ಚರಾಯಸ್ವಾಮಿಯ ಸುಪರ್ದಿಗೆ ಹೋಗುತ್ತವೆ. ಇದು ದೈವಪ್ರಮಾಣ. 2021ರಲ್ಲಿ ಕೋವಿಡ್‌ನಿಂದ ಪಿಯು ಪರೀಕ್ಷೆಯೇ ನಡೆಯದೆ ಸಿಇಟಿ ಒಂದೇ ಗತಿಯಾಯಿತು. ಮರುವರ್ಷ ಸಿಇಟಿಯನ್ನು ಮತ್ತೆ ಬರೆದ ಅದೇ ಬ್ಯಾಚಿನವರ, ಪರೀಕ್ಷೆಯಿಲ್ಲದೆ ಬಂದ ಪಿಯು ಅಂಕ ಹೈಕೋರ್ಟಿನ ಮೆಟ್ಟಿಲು ಹತ್ತಿ, ವಿಷಯಕ್ಕೆ ಸರಾಸರಿ 6 ಅಂಕ ಕಳೆದುಕೊಂಡು ಇಳಿಯಿತು. 2024ರಲ್ಲಿ ಪಠ್ಯದಲ್ಲಿಲ್ಲದ 50 ಪ್ರಶ್ನೆಗಳನ್ನೇ ಲೆಕ್ಕದಿಂದ ತೆಗೆದರು. ಅಂಕ ಅನಿತ್ಯವೆಂಬ ಬೌದ್ಧಪಕ್ಷಕ್ಕೆ ಇಷ್ಟು ಸಾಕು.

ಮುಂದಿನದು ಮೀಸಲಾತಿಯ ಅಕ್ಷರಕಾಂಡ: 2ಎಕೆ, 3ಬಿಆರ್. 'ಕೆ' ಕನ್ನಡ ಮಾಧ್ಯಮ, 'ಆರ್' ಗ್ರಾಮೀಣ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿರಬೇಕು, ಬಿಇಒ ಸೀಲು ಬೀಳಬೇಕು. ಉಡುಗಣಿಯಲ್ಲಿ ಒಂಬತ್ತು ಕ್ಲಾಸು ಓದಿ, ಹತ್ತಕ್ಕೆ ಶಿಕಾರಿಪುರ ಪೇಟೆಯ ಶಾಲೆ ಸೇರಿದವನು ಶಾಸ್ತ್ರದೃಷ್ಟಿಯಿಂದ ನಗರವಾಸಿ. ಅವನಿಗೂ ಕೋರಮಂಗಲದವನಿಗೂ ಭೇದವೆಣಿಸಕೂಡದು. ಅವನು ಬೆಳಿಗ್ಗೆ ಸಗಣಿ ಬಾಚಿಯೇ ಬಸ್ಸು ಹತ್ತುತ್ತಿದ್ದನೆಂಬ ಸಾಕ್ಷ್ಯ ಅಗ್ರಾಹ್ಯ.

ಬಿ.ಎಸ್ಸಿ. ಕೃಷಿಗೆ ರೈತರ ಮಕ್ಕಳ ಕೋಟಾ ಮಾತ್ರ ಬೇರೆಯದೇ ದರ್ಶನ. ಅಲ್ಲಿ ಪ್ರಾಯೋಗಿಕ ಪರೀಕ್ಷೆಗೇ ಅರ್ಧ ಪಾಲು. ಪಿಯು, ಸಿಇಟಿಗಳು ಉಳಿದರ್ಧವನ್ನು ಹಂಚಿಕೊಳ್ಳಬೇಕು. ಮೇಜಿನ ಮೇಲೆ ಬೀಜ, ಗೊಬ್ಬರ, ಸಲಕರಣೆ. ಗುರುತು ಹಿಡಿದವನೇ ರೈತನ ಮಗ. ಓದು ಕೆಡುತ್ತದೆಂದು ಎರಡು ವರ್ಷ ಗದ್ದೆಗೆ ಕಾಲಿಡಲು ಬಿಡದ ಅಪ್ಪಂದಿರು ಈಗ ಬೀಜದ ಪೊಟ್ಟಣ ಬಿಚ್ಚಿಕೊಂಡು ಜಗಲಿಯಲ್ಲಿ ಕೋಚಿಂಗ್ ಕೂರುತ್ತಾರೆ. ಸೊರಬದ ಕಡೆಯ ಒಂದು ಕ್ಷೇತ್ರಕಾರ್ಯ:

"ಇದು ಎಂಥದು?"

"ಹೆಸರುಕಾಳು."

"ಉದ್ದು ಕಣಾ! ಇದು?"

"...ಗೊಬ್ಬರ."

"ಯಾವ ಗೊಬ್ಬರವಾ? ಪೊಟ್ಯಾಷ್. ಕೆಂಪಗಿಲ್ವನಾ?"

"ಅಪ್ಪಯ್ಯ, ಈ ಪರೀಕ್ಷೆ ನೀನೇ ಬರೀಬಹುದಿತ್ತು."

"ಬರೀತಿದ್ದೆ. ಪಿಯು ಫೇಲು."